ದೇವರೋ, ಬೇನೆಯೋ?

ಕನ್ನಡ ಕಥೆ ಕಾದಂಬರಿಗಳಲ್ಲಿ ಮೈಮೇಲೆ ದೇವರು ಬರುವ ಪ್ರಸಂಗಗಳಿಗೆ ಬರವಿಲ್ಲ. ಹುಚ್ಚರಿಗೂ ಬರವಿಲ್ಲ. ಆದರೆ ಮನೆಯ ಮಗನೊಬ್ಬನ ನಡೆ ಕೆಟ್ಟಾಗ, ಅದು ಬೇನೆಯೆಂದು ಕೆಲವರೂ ದೇವಿಯ ಕರೆಯೆಂದು ಕೆಲವರೂ ತಿಳಿದು, ಎರಡು ಪಕ್ಷದವರೂ ನಿದ್ದೆಗೆಟ್ಟು ಕುಳಿತಿರುವ ಒಂದು ರಾತ್ರಿಯ ಚಿತ್ರವನ್ನು ಹುಡುಕಹೊರಟರೆ ಸಿಗುವುದು ಅತ್ಯಲ್ಪ. ಘಟಪ್ರಭೆಯ ದಂಡೆಯ ಬರವಣಿಗೆಯನ್ನು ಈಚೆಗೆ ಮತ್ತೊಮ್ಮೆ ಓದುವಾಗ ಈ ಕೊರತೆ ನನಗೆ ಎದ್ದು ಕಂಡಿತು. ಬೇರೆಲ್ಲಿ ಇಲ್ಲದಿದ್ದರೂ ಅಲ್ಲಿ ಅದು ಇರಬೇಕಾಗಿತ್ತು.

ಗೋಕಾಕ, ಹುಕ್ಕೇರಿ, ಮತ್ತು ಗೋಕಾಕದಿಂದ ಬೇರೆಯಾಗಿ ತಾಲೂಕಾದ ಮೂಡಲಗಿ, ಇಷ್ಟು ನೆಲ ಕನ್ನಡಕ್ಕೆ ಕೊಟ್ಟದ್ದು ಸಣ್ಣದೇನಲ್ಲ. ಬೆಟಗೇರಿ ಕೃಷ್ಣಶರ್ಮರು ಇಲ್ಲಿಯವರು. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣ ಇಲ್ಲಿಯವನು. ಆ ಆಟವನ್ನು ಮನೆಮಾತು ಮಾಡಿದ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ. ಮಲಾಮರಡಿಯ ಬಸವರಾಜ ಕಟ್ಟೀಮನಿಯವರು, ಘೋಡಗೇರಿಯ ಚಂದ್ರಶೇಖರ ಕಂಬಾರರು ಇದೇ ಮಣ್ಣಿನವರು. ಸವದತ್ತಿಯ ಎಲ್ಲಮ್ಮನ ಗುಡ್ಡವೂ ಬಹಳ ದೂರವಿಲ್ಲ. ಹುಣ್ಣಿಮೆ ಬಂತೆಂದರೆ ಈ ಭಾಗದ ಹಳ್ಳಿಗಳಿಂದ ಚಕ್ಕಡಿಗಳೂ ಈಗೀಗ ಟ್ರ್ಯಾಕ್ಟರುಗಳೂ ಭಂಡಾರ ಹಾರಿಸುತ್ತ ಅತ್ತ ಸಾಗುತ್ತವೆ. ತಲೆಗೂದಲು ಗಂಟುಗಟ್ಟಿ ಜಡೆಯಾದರೆ ಅದನ್ನು ಎಲ್ಲಮ್ಮನ ಗುರುತೆಂದು ತಿಳಿದು ಕತ್ತರಿ ಮುಟ್ಟಿಸಲು ಹೆದರುವ ಮನೆಗಳು ಇಂದಿಗೂ ಇವೆ.

ಕಟ್ಟೀಮನಿಯವರದು ಸುಧಾರಕನ ಕಣ್ಣು. 'ಜರತಾರಿ ಜಗದ್ಗುರು'ವಿನ ಲೇಖಕರಿಗೆ ಕಾವಿಯ ಹಿಂದಿನ ವಂಚನೆಯನ್ನು ಬಯಲಿಗೆಳೆಯುವುದು ಮುಖ್ಯ. ಅದು ಬೇಕಾದ ಕೆಲಸವೇ. ಆದರೆ ಆ ಕಣ್ಣಿಗೆ ಜಗತ್ತಿನಲ್ಲಿ ಇಬ್ಬರೇ ಇದ್ದಾರೆ: ಮೋಸ ಮಾಡುವವರು, ಮೋಸ ಹೋಗುವವರು. ತನಗೆ ದೇವರು ಕರೆದನೆಂದು ಪ್ರಾಮಾಣಿಕವಾಗಿ ನಂಬಿ ಅನ್ನ ಬಿಟ್ಟು ಕುಳಿತವನು ಈ ಎರಡರಲ್ಲಿ ಯಾರೂ ಅಲ್ಲ. ಅವನಿಂದ ಯಾರಿಗೂ ಒಂದು ಕಾಸಿನ ಲಾಭವಿಲ್ಲ. ಅವನನ್ನು ಬಯಲಿಗೆಳೆದು ಮಾಡುವುದಾದರೂ ಏನು?

ಕಂಬಾರರ ದಾರಿ ಬೇರೆ. 1975ರಲ್ಲಿ ಬಂದ 'ಕರಿಮಾಯಿ'ಯ ಶಿವಾಪುರದಲ್ಲಿ ದೇವಿಯೆಂದರೆ ಊರಿನ ಜೀವ. ಪೇಟೆಯ ಓದು ಕಲಿತು ಬಂದ ಗುಡಸೀಕರನು ಆ ಊರನ್ನು ತಿದ್ದಹೋಗಿ ಕೆಡಿಸುವ ಕಥೆಯನ್ನು ಕಂಬಾರರು ಎಷ್ಟು ಸೊಗಸಾಗಿ ಹೇಳುತ್ತಾರೆಂಬುದನ್ನು ಓದಿದವರೆಲ್ಲ ಬಲ್ಲರು. ದೇವಿ ಮೈದುಂಬಿ ನುಡಿದರೆ ಅದು ಊರಿಗೆ ಅಪ್ಪಣೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ದೇವರು ಬರುವುದಕ್ಕೆ ಒಂದು ದಿನ ಗೊತ್ತಿರುತ್ತದೆ. ಡೊಳ್ಳು ಬೇಕು, ಭಂಡಾರ ಬೇಕು, ಕೇಳುವ ಜನ ಬೇಕು. ಕಾಯಿ ಒಡೆದು ನೀರು ಕೊಟ್ಟ ಮೇಲೆ ದೇವರು ಹೋಗಬೇಕು. ಹೋದ ಮರುದಿನ ಆ ಮನುಷ್ಯ ಎಂದಿನಂತೆ ಗಳೆ ಹೂಡುತ್ತಾನೆ. ಅಲ್ಲಿ ಮೈಯೊಂದೇ ಅವನದು, ದೇವರು ಊರಿನದು. ಇದನ್ನು ಹುಚ್ಚೆಂದು ಕರೆಯುವುದು ಶುದ್ಧ ಅವಿವೇಕ. ವಿಶ್ವ ಆರೋಗ್ಯ ಸಂಸ್ಥೆಯ, 2022ರಿಂದ ಜಾರಿಗೆ ಬಂದ ರೋಗವರ್ಗೀಕರಣವೂ ಹಾಗೆ ಕರೆಯುವುದಿಲ್ಲ. ಒಂದು ಸಮಾಜ ತನ್ನ ಆಚರಣೆಯೆಂದು ಒಪ್ಪಿಕೊಂಡ ಆವೇಶವನ್ನು ಅದು ರೋಗದ ಪಟ್ಟಿಯಿಂದ ಹೊರಗಿಟ್ಟಿದೆ. ತಾನಾಗಿ ಬಯಸದೆ, ಆಚರಣೆಯ ಕಟ್ಟಿಗೂ ಒಳಗಾಗದೆ ಬಂದು ಬಾಳನ್ನು ಕೆಡಿಸುವ ಆವೇಶವನ್ನು ಮಾತ್ರ ರೋಗವೆನ್ನುತ್ತದೆ. ಡೊಳ್ಳಿನವರಿಗೆ ಮೊದಲೇ ಗೊತ್ತಿದ್ದ ಭೇದವನ್ನು ಪಂಡಿತರು ತಡವಾಗಿ ಬರೆದುಕೊಂಡರು ಎನ್ನಬಹುದು.

ಆದರೆ ಡೊಳ್ಳು ನಿಂತ ಮೇಲೂ ದೇವರು ಹೋಗದಿದ್ದರೆ? ಶಿವಾಪುರದ ಕಥೆಯಲ್ಲಿ ಈ ಪ್ರಶ್ನೆಗೆ ಎಡೆ ಇದ್ದಂತೆ ನನಗೆ ಕಾಣಲಿಲ್ಲ. ಅಲ್ಲಿ ದೇವಿಗೂ ಊರಿಗೂ ನೇರ ಮಾತು. ನಡುವೆ ಮನೆಯಿಲ್ಲ, ಒಲೆಯಿಲ್ಲ, ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಿಟ್ಟು ಕಾಯುವ ತಾಯಿಯಿಲ್ಲ.

ಅಂಥ ಒಂದು ಮನೆಯನ್ನು ನಾನು ಹತ್ತಿರದಿಂದ ಬಲ್ಲೆ. ನಮ್ಮ ಬಳಗದಲ್ಲಿಯೇ ವಯಸ್ಸಿಗೆ ಬಂದ ಹುಡುಗನೊಬ್ಬ ನಿದ್ದೆ ಬಿಟ್ಟ. ತಲೆ ಬಾಚುವುದನ್ನು ಬಿಟ್ಟ, ಜಡೆಗಟ್ಟಿತು. ಎಲ್ಲಮ್ಮ ತನ್ನೊಡನೆ ಮಾತಾಡುತ್ತಾಳೆಂದೂ ಹೊಲಮನೆ ತೊರೆದು ಬಾ ಎನ್ನುತ್ತಾಳೆಂದೂ ಹೇಳತೊಡಗಿದ. ಅಜ್ಜಿ ಸಂತೋಷದಿಂದಲೇ ಕೈಮುಗಿದಳು. ಅಣ್ಣಂದಿರು ನಾಚಿದರು. ಧಾರವಾಡ ಎಂಬ ಹೆಸರನ್ನು ಯಾರೂ ಎತ್ತಲಿಲ್ಲ. ನಮ್ಮ ಕಡೆ 'ಇವನನ್ನ ಧಾರವಾಡಕ್ಕ ಕಳಸ್ರಿ' ಎಂದರೆ ಅದು ವಿಶ್ವವಿದ್ಯಾಲಯಕ್ಕಲ್ಲ, ಪೇಢೆ ತರುವುದಕ್ಕೂ ಅಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿರುವ ಮಾನಸಿಕ ಆಸ್ಪತ್ರೆಗೆ. ಈಗ ಅದಕ್ಕೆ ಡಿಮ್ಹಾನ್ಸ್ ಎಂಬ ದೊಡ್ಡ ಹೆಸರು ಬಂದಿದ್ದರೂ ಹಳೆಯ ಕುಚೋದ್ಯ ಹೋಗಿಲ್ಲ. ಕೊನೆಗೆ ಮಾತಾಡಿದವಳು ಹುಡುಗನ ತಾಯಿ. ಅತ್ತೆಯ ಎದುರು ಆಕೆ ಅಂದದ್ದು ಇಷ್ಟೇ: 'ಬಂದಿದ್ರ ಬರ್ಲ್ಯಾಕರೀ ಅತ್ತಿ, ಬ್ಯಾಡ ಅನ್ನಾಕಿ ನಾನಲ್ಲ. ಆದ್ರ ನನ್ನ ಮಗನ ನಿದ್ದಿ ಯಾಕ ಒಯ್ದಳು?'

ನನ್ನ ಮಟ್ಟಿಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಈ ವಿಷಯದಲ್ಲಿ ಯಾರೂ ಕೇಳಿದ್ದಿಲ್ಲ. ಆಕೆ ದೇವರನ್ನು ಅಲ್ಲಗಳೆಯಲಿಲ್ಲ, ಮಗನನ್ನು ಹುಚ್ಚನೆನ್ನಲಿಲ್ಲ. ನಿದ್ದೆ, ಊಟ, ಕೆಲಸ, ಇವು ಹೋದುವೇ ಎಂದಷ್ಟೇ ನೋಡಿದಳು. ಮನೋವೈದ್ಯರೂ ಮೊದಲು ವಿಚಾರಿಸುವುದು ಇವನ್ನೇ. ಹುಡುಗ ಚಿಕಿತ್ಸೆಗೆ ಹೋದ. ಜಡೆ ಕತ್ತರಿಸಬೇಕೆಂದು ವೈದ್ಯರು ಹಟ ಹಿಡಿಯಲಿಲ್ಲ. ಇಂದಿಗೂ ಅವನು ಹುಣ್ಣಿಮೆಗೆ ಗುಡ್ಡಕ್ಕೆ ಹೋಗುತ್ತಾನೆ; ಗುಳಿಗೆಯ ಡಬ್ಬಿ ಭಂಡಾರದ ಚೀಲದ ಪಕ್ಕದಲ್ಲೇ ಇರುತ್ತದೆ.

ಮನೆಯೊಳಗಿನ ಭಯವನ್ನು ಬರೆಯಲು ಕನ್ನಡಕ್ಕೆ ಬಾರದೆಂದಲ್ಲ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು (1928-1963) 'ಶರಪಂಜರ'ದಲ್ಲಿ ಬರೆದುದು ಅದನ್ನೇ. ಹೆರಿಗೆಯ ನಂತರ ಮನಸ್ಸು ಕೆಟ್ಟ ಕಾವೇರಿ ಗುಣವಾಗಿ ಮನೆಗೆ ಬಂದಾಗ, ಆಕೆಯ ಒಂದೊಂದು ಮಾತನ್ನೂ ಮನೆಯವರು, ನೆರೆಹೊರೆಯವರು ಅನುಮಾನದ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. 1971ರ ಪುಟ್ಟಣ್ಣ ಕಣಗಾಲರ ಚಿತ್ರದಿಂದ ಕಾವೇರಿ ಕನ್ನಡದ ಮನೆಮನೆಗೂ ಪರಿಚಿತಳಾದಳು. ಆದರೆ ಅದು ಪೇಟೆಯ ಮನೆ. ಅಲ್ಲಿನ ಕೇಡು ಜನರ ನೋಟದಲ್ಲಿದೆ. ಬೇನೆಗೆ ಬೇನೆಯೆಂಬ ಒಂದೇ ಹೆಸರು. ಕಾವೇರಿಗೆ ದೇವಿ ಬಂದಿದ್ದಾಳೆಂದು ಹೇಳುವ ಒಬ್ಬ ಅಜ್ಜಿ ಆ ಮನೆಯಲ್ಲಿದ್ದಿದ್ದರೆ ಆಕೆಯ ಗತಿ ಇನ್ನೂ ಕೆಡುತ್ತಿತ್ತೋ, ಅಥವಾ ಸ್ವಲ್ಪ ಮಾನವಾದರೂ ಉಳಿಯುತ್ತಿತ್ತೋ, ಹೇಳಲಾರೆ.

ಆ ಅಜ್ಜಿ ಬೇರೆ ಕಡೆ ಇದ್ದಾಳೆ. 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಶಿವರಾಮ ಕಾರಂತರು, ಎಳೆತನದಲ್ಲೇ ವಿಧವೆಯಾಗಿ ಮಾತು ಮರೆತಂತಿದ್ದ ಮುದುಕಿಗೆ ದರ್ಶನಶಕ್ತಿಯನ್ನು ಕೊಟ್ಟರು. ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಆಕೆಯ ಕಣ್ಣೆದುರು ಬರುತ್ತದೆ. ದೇವರ ವಿಚಾರದಲ್ಲಿ ಆಕೆ ಹೇಳುವುದು ಊರಿನ ಆಚಾರವಂತರಿಗೆ ಸಲ್ಲುವ ಮಾತಲ್ಲ. ಮೊಮ್ಮಗ ಸುಬ್ಬರಾಯ ಕಿವಿಗೊಟ್ಟು ಕೇಳುತ್ತಾನೆ, ಕೇಳಿದ್ದರಿಂದಲೇ ಕಾದಂಬರಿಯಾಯಿತು. ನಂಬಿಕೆ ಬೇರೆಯಾದ ಬಂಧುವಿನೊಡನೆ ಹೇಗೆ ಬಾಳಬೇಕೆಂಬುದಕ್ಕೆ ಸುಬ್ಬರಾಯನಿಗಿಂತ ಒಳ್ಳೆಯ ಮಾದರಿ ನಮ್ಮಲ್ಲಿಲ್ಲ. ಆದರೂ ಒಂದು ಮಾತು. ಮೂಕಜ್ಜಿ ಎಂಬತ್ತರ ಆಚೆಯವಳು; ಆಕೆಯ ದುಡಿಮೆಯನ್ನು ನಂಬಿ ಮನೆ ನಡೆಯಬೇಕಾಗಿಲ್ಲ. ಆ ದರ್ಶನಗಳೆಲ್ಲ ಸುಬ್ಬರಾಯನಿಗೇ ಆಗಿದ್ದರೆ ಹೆಂಡತಿ ಸೀತೆ ಅಷ್ಟು ಸಮಾಧಾನದಿಂದ ಇರುತ್ತಿದ್ದಳೇ? ಕಾರಂತರು ಆ ಸಂಕಟವನ್ನು ಚಾತುರ್ಯದಿಂದ ತಪ್ಪಿಸಿಕೊಂಡಿದ್ದಾರೆ. ಜ್ಞಾನಪೀಠ ಪಡೆದ ಕೃತಿಯ ಮೇಲೆ ಇಂಥ ಆಕ್ಷೇಪ ಅಧಿಕಪ್ರಸಂಗವೆನಿಸೀತು, ಇರಲಿ.

ಹೀಗಾಗಿ ನಾನು ಮತ್ತೆ ಕಂಬಾರರ ಬಳಿಗೇ ಬರಬೇಕಾಯಿತು, ಈ ಸಲ 1991ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಸಿರಿಸಂಪಿಗೆ' ನಾಟಕಕ್ಕೆ. ರಾಜಕುಮಾರ ಶಿವನಾಗನಿಗೆ ಕನಸಿನ ಕನ್ಯೆಯ ಹುಚ್ಚು. ಆಕೆ ತನ್ನ ದೇಹದ ಅರ್ಧದಲ್ಲೇ ಅಡಗಿದ್ದಾಳೆ, ತನ್ನನ್ನು ಎರಡಾಗಿ ಸೀಳಿ ಎರಡು ಕೊಡಗಳಲ್ಲಿಡಿರಿ ಎನ್ನುತ್ತಾನೆ. ತಾಯಿ ಬೇಡುತ್ತಾಳೆ, ಕೊನೆಗೆ ಒಪ್ಪುತ್ತಾಳೆ. ಒಂದು ಕೊಡದಿಂದ ರಾಜಕುಮಾರ, ಇನ್ನೊಂದರಿಂದ ಕಾಳಿಂಗಸರ್ಪ ಬಂದ ಮೇಲೆ ನಾಟಕ ಸಿರಿಸಂಪಿಗೆಯ ಕಡೆಗೆ ಹೊರಳುತ್ತದೆ. ವಿಮರ್ಶಕರೂ ಅಲ್ಲಿಗೇ ಹೊರಳಿ, ಗಂಡು ಹೆಣ್ಣು, ದೇಹ ಮನಸ್ಸು ಎಂದು ಬೇಕಾದಷ್ಟು ಬರೆದಿದ್ದಾರೆ.

ನನಗೆ ಮಾತ್ರ ಆ ತಾಯಿಯೇ ಮುಖ್ಯಳಾಗಿ ಕಾಣುತ್ತಾಳೆ. ಘಟಪ್ರಭೆಯ ಸಾಹಿತ್ಯದಲ್ಲಿ, ಊರಿಗಾಗಿ ಅಲ್ಲದೆ ತನ್ನ ಮನೆಗಾಗಿ ಹೆದರಿದವಳು ಅವಳೊಬ್ಬಳೇ. ಮಗ ಕಂಡದ್ದು ನಿಜವೋ ಭ್ರಮೆಯೋ ಎಂದು ಅವಳಿಗೆ ತಿಳಿಯದು. ಬೇಡವೆಂದರೂ ಅವನನ್ನು ಕಳೆದುಕೊಳ್ಳುತ್ತಾಳೆ, ಹೂಂ ಎಂದರೂ ಕಳೆದುಕೊಳ್ಳುತ್ತಾಳೆ. ರಂಗದ ಮೇಲೆ ಈ ಭಾಗವನ್ನು ನಗೆಗಾಗಿ ಆಡುವ ರೂಢಿಯುಂಟು. ನಾನು ನೋಡಿದ ಒಂದು ಪ್ರಯೋಗದಲ್ಲಿ ಕೊಡಗಳನ್ನು ಹೊತ್ತು ತಂದಾಗ ಸಭೆಯೆಲ್ಲ ನಕ್ಕಿತು. ರಾಣಿಯ ಪಾತ್ರದಾಕೆ ಮಾತ್ರ ನಗೆ ಇಳಿಯುವವರೆಗೆ ಸುಮ್ಮನೆ ನಿಂತು, ಆಮೇಲೆ ತನ್ನ ಒಪ್ಪಿಗೆಯ ಮಾತನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹೇಳಿದಳು. ಆಕೆಗೆ ಹಾಗೆ ಹೇಳಲು ನಿರ್ದೇಶಕರು ಕಲಿಸಿದ್ದರೋ, ಆಕೆಗೇ ತಿಳಿದಿತ್ತೋ, ಕೇಳಬೇಕೆಂದಿದ್ದೆ; ಅಷ್ಟರಲ್ಲಿ ಗಾಡಿಯ ಹೊತ್ತಾಗಿತ್ತು.