ಉದ್ರಿ ಪುಸ್ತಕದಿಂದ ಟ್ರಯಲ್ ರೂಮಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಹೊಸ ಬಟ್ಟೆಗೊಂದು ಕಾಲವಿತ್ತು: ಯುಗಾದಿ, ಊರಜಾತ್ರೆ, ಮದುವೆಯ ಜವಳಿ. ಅದಕ್ಕೂ ಕಡಲೆಕಾಯಿ ಮಾರಿದ ದುಡ್ಡು ಬರಬೇಕು. ಇಲ್ಲವಾದರೆ ಅಂಗಡಿಯಲ್ಲಿ ಉದ್ರಿ ಬರೆಸಬೇಕು. ಥಾನು ಬಿಚ್ಚಿಸಿ, ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ಆರಿಸುತ್ತಿದ್ದವರು ಹಿರಿಯರು. 2015ರಲ್ಲಿ ಬೆಂಗಳೂರಲ್ಲಿ ಶುರುವಾದ ಮೀಶೋದಂಥ ಆ್ಯಪ್‌ಗಳ ಪಾರ್ಸೆಲ್ಲು ಈಗ ಹಳ್ಳಿಗೇ ಬರುತ್ತದೆ, ದುಡ್ಡು ಬಾಗಿಲಲ್ಲೇ ಕೊಟ್ಟರಾಯಿತು. ಬೆಂಗಳೂರು ಸೇರಿದ ಮಕ್ಕಳು ಹಬ್ಬಕ್ಕೆ ಬರುವಾಗ ಜುಡಿಯೊ, ಟ್ರೆಂಡ್ಸ್, ಮ್ಯಾಕ್ಸ್ ಮಳಿಗೆಗಳ ಚೀಲ ಹಿಡಿದೇ ಬಸ್ಸಿಳಿಯುತ್ತಾರೆ.

ಇದನ್ನು ಷೋಕಿ ಎಂದು ಬೈಯುವವರ ಜೊತೆ ನಾನಿಲ್ಲ. ಹಳೆಯ ಅಂಗಡಿಯಲ್ಲಿ ಬಣ್ಣ ಆರಿಸುತ್ತಿದ್ದುದು ಅಪ್ಪ. ಹುಡುಗಿ ಹಿಂದೆ ನಿಂತು ತಲೆಯಾಡಿಸುತ್ತಿದ್ದಳು. ಒಳಉಡುಪು ಬೇಕೆಂದು ಗಂಡಸಿನ ಮುಂದೆ ಬಾಯಿಬಿಡಲಾಗದೆ ಮುದುಡುತ್ತಿದ್ದಳು. ಈಗ ಮಳಿಗೆಯಲ್ಲಿ ತಾನೇ ಮುಟ್ಟಿ, ತೊಟ್ಟು, ಬೇಡವೆಂದರೆ ಅಲ್ಲೇ ಬಿಟ್ಟು ಬರುತ್ತಾಳೆ. ಯಾರ ಮನೆಯವಳೆಂದು ವಿಚಾರಿಸಿ ಬೆಲೆ ಹೇಳುವವರಿಲ್ಲ, ಚೀಟಿಯಲ್ಲಿ ಎಲ್ಲರಿಗೂ ಒಂದೇ ದರ. ಈ ಸ್ವಾತಂತ್ರ್ಯ ದೊಡ್ಡದು.

ಆದರೆ ಬಟ್ಟೆ ಮಾತ್ರ ಈ ಸ್ವಾತಂತ್ರ್ಯಕ್ಕೆ ತಕ್ಕದ್ದಾಗಿಲ್ಲ. ಮಗುವಿನ ಲಂಗ ಹೊಲಿಯುವ ಟೈಲರ್ ಅಂಚಿನಲ್ಲಿ ಎರಡು ಬೆರಳು ಬಟ್ಟೆ ಮಡಿಸಿ ಬಿಡುತ್ತಿದ್ದ. ಮಗು ಬೆಳೆದಂತೆ ತಾಯಿ ಅದನ್ನು ಬಿಚ್ಚಿ ಇಳಿಸುತ್ತಿದ್ದಳು. ಅಗ್ಗದ ರೆಡಿಮೇಡ್‌ನಲ್ಲಿ ಅಂಚಿಗೇ ಓವರ್‌ಲಾಕ್, ಬಿಚ್ಚಲು ಏನೂ ಉಳಿದಿರುವುದಿಲ್ಲ. ಹತ್ತಿಯ ಸೀರೆ ಹಳೆಯದಾದರೆ ತೊಟ್ಟಿಲಾಗುತ್ತಿತ್ತು, ಕೌದಿಯಾಗುತ್ತಿತ್ತು, ಕೊನೆಗೆ ಒರೆಸುವ ಬಟ್ಟೆ. ಪಾಲಿಯೆಸ್ಟರ್ ನೀರನ್ನೂ ಹೀರದು, ಪಾವಗಡದ ಬೇಸಿಗೆಯ ಬೆವರನ್ನೂ ಹೀರದು. ತಿಪ್ಪೆ ಸೇರಿದರೂ ಕೊಳೆಯದು. ಲೆಕ್ಕ ಹಾಕಿ ನೋಡಿ: 250 ರೂಪಾಯಿಯ ಟಾಪು ಹತ್ತು ಸಲ ತೊಟ್ಟು ಬಿಸಾಡಿದರೆ ಒಂದು ಸಲಕ್ಕೆ 25 ರೂಪಾಯಿ. 800ರ ಹತ್ತಿ ಕುರ್ತಾ ನೂರು ಸಲ ಬಂದರೆ 8 ರೂಪಾಯಿ. ಬಡವರಿಗೆ ದುಬಾರಿಯಾಗುವುದು ಈ ಅಗ್ಗವೇ.

ಮದುವೆಯ ಜವಳಿಗೆ ಮಾತ್ರ ಇನ್ನೂ ಧರ್ಮಾವರಂ, ಚಿಕ್ಕಪೇಟೆ ಎಂದು ಮನೆಮಂದಿಯೆಲ್ಲ ಹೊರಡುತ್ತಾರೆ. ಹಾಗೆ ನೋಡಿದರೆ ಇಲ್ಲೇ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲೇ ರೇಷ್ಮೆ ನೇಯುವವರಿದ್ದಾರೆ.

ಈ ಸೀಮೆಗೆ ಗಾರ್ಮೆಂಟ್ಸ್ ದೂರದ ಸುದ್ದಿಯಲ್ಲ. ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರದಲ್ಲಿ ಹೆಣ್ಣುಮಕ್ಕಳು ಗಂಟೆಗಿಷ್ಟು ಪೀಸ್ ಎಂಬ ಗುರಿಗೆ ಹೊಲಿಯುತ್ತಾರೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಎಂಬ ಗಾರ್ಮೆಂಟ್ಸ್ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು, ಸತ್ತವರಲ್ಲಿ ಹೆಚ್ಚಿನವರು ಇಂಥ ಹೆಂಗಸರೇ. ಯಾವ ಹೊಲಿಗೆ ಮೂರನೇ ಒಗೆತಕ್ಕೆ ಬಿಚ್ಚುತ್ತದೆಂದು ನಮ್ಮ ಸೀಮೆಯ ಈ ಹೆಣ್ಣುಮಕ್ಕಳಿಗೆ ಗೊತ್ತು. ಹಿರಿಯರ ಬೆರಳಲ್ಲಿದ್ದ ತಿಳಿವಳಿಕೆ ಇಂದು ಇವರ ಕೈಯಲ್ಲಿದೆ. ಬಟ್ಟೆ ಕೊಳ್ಳುವಾಗ ಊರಿನವರು ಇವರನ್ನು ಕೇಳಬೇಕು. ಮಳಿಗೆಗಳೂ ಅಷ್ಟೇ, ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂಬುದನ್ನು ಒಳಹೊಲಿಗೆಯ ಚಿಕ್ಕ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಅಡಗಿಸದೆ, ದರದ ಪಕ್ಕದಲ್ಲೇ, ದರದಷ್ಟೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಬರೆಯಲಿ.