ಹಕ್ಕಿಯ ಖರ್ಚು, ಜೋಗಿಯ ಬಾಕಿ

ಕನ್ನಡದ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಎರಡು ಕೃತಿಗಳು ಊರಿನ ಹಣದ ಬಗ್ಗೆ ಇವೆ ಎಂದರೆ ತುಸು ವಿಚಿತ್ರ ಅನ್ನಿಸಬಹುದು. ಒಂದು, ಟ್ಯಾಗೋರರ ಕತೆಯಿಂದ ಬಿ.ವಿ. ಕಾರಂತರು ಕಟ್ಟಿದ ನಾಟಕ ‘ಪಂಜರ ಶಾಲೆ’. ಇನ್ನೊಂದು, ಬ್ರೌನಿಂಗನ ಕವಿತೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದು ನಮ್ಮದಾಗಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬೇಸಿಗೆ ಶಿಬಿರಗಳ ಕೊನೆಯ ದಿನ ಮಕ್ಕಳು ಬಣ್ಣ ಹಚ್ಚಿಕೊಂಡು ಇವನ್ನು ಎಷ್ಟೋ ಸಲ ಆಡಿದ್ದಾರೆ. ಮುಂದಿನ ಸಾಲಿನಲ್ಲಿ ಕೂತ ಅತಿಥಿಗಳು ಚಪ್ಪಾಳೆ ತಟ್ಟಿದ್ದಾರೆ. ಇವು ತಮ್ಮನ್ನೇ ಕುರಿತವು ಎಂದು ಅವರಿಗೆ ಅನ್ನಿಸಿದ್ದು ಕಡಿಮೆ.

ಟ್ಯಾಗೋರರ ಕತೆಯನ್ನು ನಾವು ಸಾಮಾನ್ಯವಾಗಿ ಬಾಯಿಪಾಠದ ಶಿಕ್ಷಣದ ಟೀಕೆಯೆಂದು ಓದುತ್ತೇವೆ. ಅದು ಸರಿಯೇ. ಆದರೆ ಕತೆಯಲ್ಲಿ ಹೆಚ್ಚು ಜಾಗ ಹಿಡಿದಿರುವುದು ಖರ್ಚು. ಹಾಡಿಕೊಂಡು ಕುಣಿದುಕೊಂಡಿದ್ದ ಹಕ್ಕಿಗೆ ವಿದ್ಯೆ ಬರಲಿ ಎಂದು ರಾಜ ಅಪ್ಪಣೆ ಮಾಡುತ್ತಾನೆ. ಅಕ್ಕಸಾಲಿಗನಿಗೆ ಚಿನ್ನದ ಪಂಜರದ ಕೆಲಸ ಸಿಗುತ್ತದೆ, ನಕಲುಗಾರರಿಗೆ ಪುಸ್ತಕದ ರಾಶಿ, ರಾಜನ ಸೋದರಳಿಯಂದಿರಿಗೆ ಉಸ್ತುವಾರಿ. ಎಲ್ಲರ ಮನೆಯೂ ತುಂಬುತ್ತದೆ. ರಾಜ ವಾದ್ಯದ ಸದ್ದಿನ ನಡುವೆ ಬಂದು ಏರ್ಪಾಡು ಕಂಡು ಸಂತೋಷಪಟ್ಟು ಹೊರಡುವಾಗ, ಪೊದೆಯ ಮರೆಯಲ್ಲಿದ್ದ ನಿಂದಕನೊಬ್ಬ ಕೇಳುತ್ತಾನೆ: ಹಕ್ಕಿಯನ್ನು ನೋಡಿದಿರಾ? ರಾಜ ಅದನ್ನು ಮರೆತೇಬಿಟ್ಟಿರುತ್ತಾನೆ. ವಿಮರ್ಶಕನಿಗೆ ಕತೆಯಲ್ಲಿ ಸಿಕ್ಕ ಪಾತ್ರ ಇಷ್ಟೇ. ಅದು ಸಣ್ಣದಲ್ಲ.

ಕಿಂದರಿಜೋಗಿಯಲ್ಲಿ ಇದರ ತಿರುಗುಮುರುಗು. ಅಲ್ಲಿ ಹಣ ಪೋಲಾಗುವುದಿಲ್ಲ, ಉಳಿತಾಯವಾಗುತ್ತದೆ. ಇಲಿ ಹೋದ ಮೇಲೆ ಜೋಗಿಗೆ ಕೊಡುವುದೇಕೆ ಎಂದು ಗೌಡನಿಗೆ ಅನ್ನಿಸುತ್ತದೆ. ಮಾತು ತಪ್ಪಿದವರು ದೊಡ್ಡವರು, ಊರು ಬಿಟ್ಟು ಹೋದವರು ಮಕ್ಕಳು. ಪ್ರಾಸದ ಸೊಗಸಿನಲ್ಲಿ ಬಾಕಿಯ ವಿಷಯ ನಮಗೆ ಮರೆತುಹೋಗುತ್ತದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ಪ್ರಶ್ನೆ ಉಳಿಯುತ್ತದೆ: ಮಕ್ಕಳ ಬಿಡುವಿನ ಹೊತ್ತಿಗೆ ಊರು ಹಣ ಕೊಡಬೇಕೆ? ಕೊಟ್ಟರೆ ಯಾವುದಕ್ಕೆ?

ಅರಸೀಕೆರೆಯನ್ನು ಕಣ್ಣಮುಂದೆ ಇಟ್ಟುಕೊಂಡು ಕೇಳೋಣ. ಅರಸಿ ಕಟ್ಟಿಸಿದ ಕೆರೆಯಿಂದ ಊರಿಗೆ ಹೆಸರು ಬಂತೆಂಬ ನಂಬಿಕೆ ಇದೆ, ಅಂದರೆ ಹೆಸರಿನಲ್ಲೇ ಎಲ್ಲರಿಗಾಗಿ ಮಾಡಿದ ಒಂದು ಖರ್ಚಿದೆ. ರೈಲ್ವೆ ಜಂಕ್ಷನ್ನು, ತೆಂಗು, ಕೊಬ್ಬರಿ ಮಾರುಕಟ್ಟೆಯ ಊರು. ಸಂಜೆ ಶಾಲೆಯ ಗಂಟೆ ಬಾರಿಸಿದಾಗ ಕಾಯಿ ಸುಲಿಯಲು ಹೋದ ಅಪ್ಪ, ಕೂಲಿಗೆ ಹೋದ ಅಮ್ಮ ಇನ್ನೂ ಮನೆಗೆ ಬಂದಿರುವುದಿಲ್ಲ. ದುಡ್ಡಿದ್ದವರ ಮಕ್ಕಳು ಟ್ಯೂಷನ್ನಿಗೆ ಹೋಗುತ್ತಾರೆ. ಗಂಡುಹುಡುಗರಿಗೆ ಬಯಲೂ ಒಂದು ಬ್ಯಾಟೂ ಸಿಕ್ಕರೆ ಸಾಕು. ಹೆಣ್ಣುಮಕ್ಕಳು ಪಾತ್ರೆ ತೊಳೆದು ತಮ್ಮನನ್ನು ಎತ್ತಿಕೊಂಡು ಕೂರಬೇಕು. ‘ಮಕ್ಕಳನ್ನು ಅವರ ಪಾಡಿಗೆ ಬಿಡಿ, ಹಕ್ಕಿಯ ಹಾಗೆ ಹಾರಲಿ’ ಎಂಬ ಮಾತು ಈ ಹುಡುಗಿಯ ಮುಂದೆ ನಿಲ್ಲುವುದಿಲ್ಲ. ಅವಳ ಪಾಲಿನದು ಜೋಗಿಯ ಬಾಕಿ.

ಆ ಬಾಕಿಯನ್ನು ತೀರಿಸಿದ ಒಂದು ಹಳೆಯ ಮಾದರಿ ಈ ಊರಿಗೇ ಗೊತ್ತು. 1944ರ ಫೆಬ್ರುವರಿಯಲ್ಲಿ ಕಸ್ತೂರಬಾ ತೀರಿಕೊಂಡ ಮೇಲೆ 75 ಲಕ್ಷ ರೂಪಾಯಿಯ ಗುರಿಯಿಟ್ಟು ದೇಶದ ಜನರಿಂದ ನಿಧಿ ಎತ್ತಲಾಯಿತು. ಗುರಿ ಮೀರಿಯೇ ಹಣ ಸೇರಿತು. ಹಳ್ಳಿಯ ಹೆಂಗಸರು ಮಕ್ಕಳಿಗೆಂದು ಮೀಸಲಾದ ಹಣ ಅದು. ಆ ಟ್ರಸ್ಟಿನ ಕರ್ನಾಟಕದ ಕೇಂದ್ರ ನೆಲೆನಿಂತದ್ದು ಅರಸೀಕೆರೆಯಲ್ಲಿ. ಟ್ರಸ್ಟು ಗ್ರಾಮಸೇವಿಕೆಯರನ್ನು ತಯಾರು ಮಾಡಿ ಹಳ್ಳಿಗೆ ಕಳಿಸುತ್ತಿತ್ತು. ಬಾಲವಾಡಿ ಅವರ ಕೆಲಸಗಳಲ್ಲೊಂದು. ಇಲ್ಲಿ ಗಮನಿಸಬೇಕಾದ್ದು ಖರ್ಚಿನ ಕ್ರಮ. ಮಗುವಿನ ಜೊತೆ ಕೂರುವ ಒಬ್ಬ ಮನುಷ್ಯಳಿಗೆ ಹಣ ಮೊದಲು ಹೋಯಿತು.

ಈಗ ನಮ್ಮ ಕಾಲದ ಏರ್ಪಾಡುಗಳನ್ನು ನೋಡಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದಲ್ಲಿ ಪುಟಾಣಿ ರೈಲಿದೆ. ಮೈಸೂರಿನ ರಂಗಾಯಣದಲ್ಲಿ ಬೇಸಿಗೆಯ ಚಿಣ್ಣರ ಮೇಳವಿದೆ. ಎರಡೂ ಬೇಕಾದವೇ. ಆದರೆ ಒಂದು ದೂರದ ಊರಿನದು, ಇನ್ನೊಂದು ರಜೆಯ ಹೊತ್ತಿನದು. ಸ್ಪರ್ಧೆ, ಆಯ್ಕೆ, ಪ್ರಶಸ್ತಿಪತ್ರದ ಚೌಕಟ್ಟಿಗೆ ಬಂದಾಗಲಂತೂ ಚೆನ್ನಾಗಿ ಹಾಡುವ ಮಗು ಮುಂದೆ ಬರುತ್ತದೆ, ಸುಮ್ಮನೆ ಗುನುಗುವ ಮಗು ಹಿಂದೆ ಉಳಿಯುತ್ತದೆ. ಪ್ರತಿಭೆಯ ಹೆಸರಿನಲ್ಲಿ ಪಂಜರಕ್ಕೆ ಮತ್ತೆ ಮೆರುಗು ಕೊಟ್ಟ ಹಾಗೆ. ತಪ್ಪು ಅಧಿಕಾರಿಗಳದ್ದಷ್ಟೇ ಅಲ್ಲ. ‘ಶಿಬಿರಕ್ಕೆ ಹೋಗಿ ಏನು ಕಲಿತೆ, ತೋರಿಸು’ ಎಂದು ಕೇಳುವವರು ನಾವೇ.

ನನಗೆ ಹೆಚ್ಚು ಆಸೆ ಹುಟ್ಟಿಸುವುದು ಇವೆಲ್ಲಕ್ಕಿಂತ ಸಪ್ಪೆಯಾಗಿ ಕಾಣುವ ಗ್ರಾಮ ಪಂಚಾಯಿತಿಯ ಗ್ರಂಥಾಲಯ. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಕೇರಂ ಬೋರ್ಡು, ಚೆಸ್ಸು, ಕತೆ ಪುಸ್ತಕ, ಗೋಡೆಯ ಮೇಲೆ ಚಿತ್ರ ಇದ್ದರೆ ಆ ಹುಡುಗಿ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡೇ ಒಳಗೆ ಬರಬಹುದು. ಮನೆಯವರೂ ಬೇಡ ಎನ್ನುವುದಿಲ್ಲ, ಯಾಕೆಂದರೆ ಅದು ಓದುವ ಜಾಗ. ಇದು ನಡೆಯುವುದು ಬಾಗಿಲು ತೆಗೆಯುವ ಮೇಲ್ವಿಚಾರಕರಿಂದ. ವರ್ಷಗಟ್ಟಲೆ ಗೌರವಧನದಲ್ಲಿ ದುಡಿದವರು ಅವರು. ಕಟ್ಟಡಕ್ಕೆ, ಬಣ್ಣಕ್ಕೆ, ಉದ್ಘಾಟನೆಗೆ ಹಣ ಹುಟ್ಟುವಷ್ಟು ಸುಲಭವಾಗಿ ಅವರ ಸಂಬಳಕ್ಕೆ ಹುಟ್ಟುವುದಿಲ್ಲ. ಟ್ಯಾಗೋರರ ಅಕ್ಕಸಾಲಿಗನನ್ನು ನೆನೆಯಬೇಕಾದ್ದು ಇಲ್ಲಿ.

ಹಾಗಾಗಿ ಇಂಥ ಯಾವುದೇ ಯೋಜನೆಯನ್ನು ಅಳೆಯಲು ನಾನು ಎರಡೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಬಹುಮಾನ ಬಾರದ ಮಗು ನಾಳೆಯೂ ಅಲ್ಲಿಗೆ ಬರುತ್ತದೆಯೇ? ಅದಕ್ಕಾಗಿ ಕಾದಿರುವ ದೊಡ್ಡವರಿಗೆ ಈ ತಿಂಗಳ ಸಂಬಳ ಬಂದಿದೆಯೇ? ಮೊದಲನೆಯದು ಹಕ್ಕಿಯ ಪರ, ಎರಡನೆಯದು ಜೋಗಿಯ ಪರ. ಮುಂದಿನ ಬೇಸಿಗೆಯಲ್ಲಿ ಮಕ್ಕಳು ‘ಪಂಜರ ಶಾಲೆ’ ಆಡುವಾಗ ಮುಂದಿನ ಸಾಲಿನಲ್ಲಿ ಕೂತವರನ್ನು ಯಾರಾದರೂ ಈ ಎರಡು ಪ್ರಶ್ನೆ ಕೇಳಲಿ.