ಮಾಸ್ತಿಯವರ ತ್ಯಾಗವೂ ಅವರ ಕಾದಂಬರಿಯೂ

ಗ್ರಂಥವಿಮರ್ಶೆ ಮಾಡುವವರು ಗ್ರಂಥಕರ್ತನು ಏನನ್ನು ಬರೆದನೆಂಬುದನ್ನು ವಿಚಾರಿಸುವರೇ ಹೊರತು, ಬರೆಯುವುದಕ್ಕಾಗಿ ಏನನ್ನು ಬಿಟ್ಟನೆಂಬುದನ್ನು ವಿಚಾರಿಸುವುದು ವಿರಳ. ನಮ್ಮ ಜಿಲ್ಲೆಯ ಮಾಲೂರು ಸೀಮೆಯಲ್ಲಿ 1891ರಲ್ಲಿ ಜನಿಸಿದ ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ವಿಷಯದಲ್ಲಾದರೋ ಈ ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದಕ್ಕೆ ಉತ್ತರ ದೊರೆಯದೆಂದು ನನಗೆ ತೋರುತ್ತದೆ.

ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ಉನ್ನತ ಪದವಿಗಳನ್ನೇರಿದ ಇವರು, ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ದೊರೆತುದನ್ನು ಕಂಡು 1943ರಲ್ಲಿ ಅಧಿಕಾರವನ್ನು ತ್ಯಜಿಸಿದರು. ಗೀತೆಯ ಹದಿನೆಂಟನೆಯ ಅಧ್ಯಾಯವು ತ್ಯಾಗವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮೋಹದಿಂದ ಬಿಡುವುದು ತಾಮಸ. ಕಾಯಕ್ಲೇಶದ ಭಯದಿಂದ ಬಿಡುವುದು ರಾಜಸ. ಸಂಗವನ್ನೂ ಫಲವನ್ನೂ ತೊರೆದು ಕರ್ತವ್ಯವನ್ನು ನಡೆಸುವುದು ಸಾತ್ತ್ವಿಕ. ಮಾನಕ್ಕೆ ಕುಂದು ಬಂದಿತೆಂದು ಬಿಟ್ಟುದು ಸಾತ್ತ್ವಿಕವಾದೀತೆ ಎಂದು ಪಾಠಶಾಲೆಯಲ್ಲಿ ಓದಿದ ನನ್ನಂಥವನು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವೇ. ಆದರೆ ಸಾಹಿತ್ಯದ ನ್ಯಾಯಸ್ಥಾನದಲ್ಲಿ ತ್ಯಾಗದ ನಿಮಿತ್ತಕ್ಕಿಂತ, ಅದರಿಂದ ತೆರವಾದ ಕಾಲದ ವಿನಿಯೋಗವೇ ಮುಖ್ಯವಾದ ಸಾಕ್ಷ್ಯ.

ಅಧಿಕಾರದಲ್ಲಿದ್ದಾಗಲೂ ಇವರ ಲೇಖನಿಯು ಸುಮ್ಮನಿರಲಿಲ್ಲ. 1920ರ ‘ಕೆಲವು ಸಣ್ಣಕಥೆಗಳು’, 1928ರ ‘ಸುಬ್ಬಣ್ಣ’ ಆ ಕಾಲದವು. ಗಾತ್ರದಲ್ಲಿ ಕಿರಿದಾದರೂ ಗುಣದಲ್ಲಿ ಪೂರ್ಣವಾದವು. ಆದರೆ ಒಂದು ರಾಜ್ಯದ ಅವಸಾನವನ್ನು ಚಿತ್ರಿಸಲು ಕಚೇರಿಯಿಂದ ಕದ್ದ ಗಳಿಗೆಗಳು ಸಾಲವು. ಬಿದನೂರಿನ ‘ಚೆನ್ನಬಸವನಾಯಕ’ವೂ, 1834ರಲ್ಲಿ ಅಳಿದ ಕೊಡಗಿನ ಅರಸೊತ್ತಿಗೆಯನ್ನು ಕುರಿತ ‘ಚಿಕವೀರ ರಾಜೇಂದ್ರ’ವೂ (1956) ರಾಜೀನಾಮೆಯ ಅನಂತರವೇ ಬೆಳಕು ಕಂಡವು. ಎರಡನೆಯದು 1983ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾಯಿತು.

ಹಾಗೆಂದು ಹಿಂದಿನ ವರ್ಷಗಳು ವ್ಯರ್ಥವಾದವೆನ್ನಲಾಗದು. ದೊರೆಯ ದುರ್ವೃತ್ತಿ, ಮಂತ್ರಿಗಳ ಧರ್ಮಸಂಕಟ, ರಾಣಿ ಗೌರಮ್ಮಾಜಿಯ ತಾಳ್ಮೆ, ಆಂಗ್ಲರ ಸಮಯಸಾಧನೆ, ಇವನ್ನು ಇಷ್ಟು ಸಮಚಿತ್ತದಿಂದ ಬರೆಯಬೇಕಾದರೆ ಆಡಳಿತವನ್ನು ಒಳಗಿನಿಂದ ಬಲ್ಲವರಾಗಿರಬೇಕು. ಬಿಟ್ಟ ಕೆಲಸವೇ ಹಿಡಿದ ಕೆಲಸಕ್ಕೆ ಗೊಬ್ಬರವಾಯಿತು.

ಅಧಿಕಾರವನ್ನು ಬಿಟ್ಟವರು ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವವನ್ನು ಹೊತ್ತು 1965ರವರೆಗೆ ನಡೆಸಿದರಲ್ಲಾ, ಇದು ಬಿಡುವುದೆಂತು ಎಂದು ವಾಚಕರು ಕೇಳಬಹುದು. ಹೊರೆಯ ಸಂಖ್ಯೆಯನ್ನು ಇಳಿಸುವುದು ತ್ಯಾಗವಲ್ಲ. ತನ್ನದಲ್ಲದ ಹೊರೆಯನ್ನು ಇಳಿಸುವುದು ತ್ಯಾಗ. ಕನ್ನಡದ ಹೊರೆ ಅವರದೇ ಆಗಿತ್ತು.

ದೋಷವನ್ನೂ ಹೇಳಬೇಕು. ‘ಚಿಕವೀರ ರಾಜೇಂದ್ರ’ದ ನಡುಭಾಗದಲ್ಲಿ ಸಮಾಲೋಚನೆಯ ಮೇಲೆ ಸಮಾಲೋಚನೆ ಬಂದು ಕಥೆಯ ವೇಗವು ಕುಂದುತ್ತದೆ. ಪದವಿಯನ್ನು ಬಿಡಬಲ್ಲವರು ಕೆಲವು ಸಂಭಾಷಣೆಗಳನ್ನು ಬಿಡಲಾರದೆ ಹೋದರು. ಆದರೂ ಕೊನೆಯ ಪ್ರಕರಣಗಳ ಗಾಂಭೀರ್ಯವು ಈ ಕೊರತೆಯನ್ನು ತುಂಬಿಕೊಡುತ್ತದೆ.

ಇದನ್ನು ಬರೆಯಲು ನನಗೆ ಸ್ವಂತ ಕಾರಣವೂ ಉಂಟು. ನಿವೃತ್ತನಾಗಿ ಯಲ್ದೂರಿನಲ್ಲಿ ನೆಲೆಸಿದಂದಿನಿಂದ ಸಭೆಗಳು, ಉತ್ಸವದ ಲೆಕ್ಕ, ಜಾತಕ, ಮನೆಪಾಠ ಎಂದು ದಿನಗಳು ಕಳೆದುವು. ರಘುವಂಶಕ್ಕೆ ನಾನು ಬರೆಯತೊಡಗಿದ ಕನ್ನಡ ಟೀಕೆಯು ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರ ಮಂಟಪದಲ್ಲಿಯೇ ನಿಂತಿದೆ. ಅಷ್ಟು ಮಂದಿ ಅರಸರನ್ನು ಬಿಟ್ಟು ನಡೆದು ಅಜನೊಬ್ಬನನ್ನು ವರಿಸಿದ ಆಕೆಯಿಂದಲೂ ನಾನು ಕಲಿಯಲಿಲ್ಲ. ಈ ಕಾದಂಬರಿಯನ್ನು ಪುನಃ ಓದಿ ಮುಗಿಸಿದ ಮರುದಿನ ಉತ್ಸವದ ಲೆಕ್ಕದ ಪುಸ್ತಕವನ್ನು ಕಿರಿಯರ ಕೈಗೆ ಒಪ್ಪಿಸಿದೆನು, ಜಾತಕಗಳನ್ನು ಹಿಂದಿರುಗಿಸಿದೆನು. ಮನೆಪಾಠವನ್ನು ಮಾತ್ರ ಬಿಡಲಿಲ್ಲ; ಅದು ನನ್ನ ಹೊರೆ.